ಕೌದಿಯ ನಾಲ್ಕನೆಯ ಮೂಲೆ

ಬಂಡಿಯಲ್ಲಿ ಅಂಗಾತ ಮಲಗಿ ಪ್ರಯಾಣ ಮಾಡಿದವರಿಗೆ ಊರು ಹಿಂದೆ ಸರಿಯುವುದು ಕಾಣುವುದಿಲ್ಲ. ಮೇಲೆ ಚುಕ್ಕಿಗಳು ತೂಗಾಡುವುದಷ್ಟೇ ಕಾಣುತ್ತದೆ. ಆ ದಿನ ನಸುಕಿನಲ್ಲಿ ಮನಗೂಳಿಯಿಂದ ಹೊರಟಾಗ ನಾನು ಹಾಗೇ ಮಲಗಿದ್ದೆ. ಅಡಿಯಲ್ಲಿ ಒಣಜೋಳದ ಕಣಿಕೆಯ ಹಾಸು, ಅದರ ಮೇಲೊಂದು ಜಮಖಾನೆ, ಮೈಮೇಲೆ ನನ್ನದಲ್ಲದ ಒಂದು ಶಾಲು. ಮದುವೆಯಾಗಿ ಆ ಊರಿಗೆ ಬಂದು ಎರಡು ಚಳಿಗಾಲ ಕಂಡಿದ್ದೆನಷ್ಟೆ. ಎಲ್ಲಿ ಬೆನ್ನು ತಾಗಿದರೂ ಕಣ್ಣು ಮುಚ್ಚುತ್ತಿದ್ದ ವಯಸ್ಸು ಅದು. ರಾಜ್ಯ ಒಂದಾಗಿ ಕೆಲವು ವರ್ಷ ಕಳೆದಿದ್ದರೂ ನಮ್ಮ ಹಿರಿಯರು ಇನ್ನೂ ಮುಂಬೈ ಸರಕಾರವನ್ನೇ ಬೈಯುತ್ತಿದ್ದ ಕಾಲ.

ಬಂಡಿಯಲ್ಲಿ ನಾವು ಗೆಳತಿಯರು ಮೂವರು. ನನ್ನ ಒಂದು ಮಗ್ಗುಲಿಗೆ ನಮ್ಮ ಹಿರಿಯ ಗೆಳತಿ. ನಲವತ್ತು ದಾಟಿದವಳು, ನಮ್ಮ ಓಣಿಯವಳು. ಇನ್ನೊಂದು ಮಗ್ಗುಲಿಗೆ ಚಹಾದ ಗೆಳತಿ. ಅವಳು ಹಿಂದಿನ ಓಣಿಯ ಮುಸಲ್ಮಾನರ ಮನೆಯ ಸೊಸೆ. ಚಹಾ ಅಂದರೆ ಪ್ರಾಣ ಬಿಡುತ್ತಿದ್ದಳಾದ್ದರಿಂದ ಮನಸ್ಸಿನಲ್ಲಿ ನಾನು ಅವಳಿಗೆ ಆ ಹೆಸರೇ ಇಟ್ಟುಕೊಂಡಿದ್ದೆ. ಬಂಡಿ ಅವಳ ಮನೆಯದು, ಎತ್ತೂ ಅವಳ ಮನೆಯವೇ, ಹೊಡೆಯಲು ಕೂತವರು ಅವಳ ಮಾವ. ಮುದುಕರಿಗೆ ಕಿವಿ ಅಷ್ಟಕ್ಕಷ್ಟೆ. ಹೆಂಗಸರ ಮಾತು ಕೇಳುವ ಕಷ್ಟ ತಪ್ಪಿತು ಎಂದು ಅವರು ದೇವರಿಗೆ ದಿನಾ ಕೈ ಮುಗಿಯುತ್ತಿದ್ದರೆಂದು ಸೊಸೆಯೇ ಹೇಳುತ್ತಿದ್ದಳು.

ನಾವು ಹೊರಟಿದ್ದು ಡೋಣಿ ಹೊಳೆಯ ಆಚೆ ಕಲ್ಲುದಿಬ್ಬಗಳ ನಡುವೆ ಇದ್ದ ಒಂದು ಬಿಸಿನೀರಿನ ಹೊಂಡಕ್ಕೆ. ಅದಕ್ಕೆ ಹೆಸರಿರಲಿಲ್ಲ. ಸುತ್ತಲಿನ ಮಂದಿ ಕಾದ ಹೊಂಡ ಅನ್ನುತ್ತಿದ್ದರು. ಹೊರಟ ಕಾರಣ ಒಂದೇ: ಹಿರಿಯ ಗೆಳತಿಯ ಬಲಗೈ.

ಆ ಕೈಯ ಬಗ್ಗೆ ಹೇಳಬೇಕಾದರೆ ಕೌದಿಯ ಬಗ್ಗೆ ಹೇಳಲೇಬೇಕು. ಮಧ್ಯಾಹ್ನ ಊಟವಾಗಿ ಗಂಡಸರು ಹೊಲಕ್ಕೋ ಅಂಗಡಿಗೋ ಹೋದ ಮೇಲೆ ನಾವು ಮೂವರೂ ಅವಳ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಹಳೆಯ ಸೀರೆ, ಧೋತರ, ಹರಿದ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಒಬ್ಬೊಬ್ಬರು ಒಂದೊಂದು ಬದಿ ಹಿಡಿದು ಹೊಲಿಯುತ್ತಿದ್ದೆವು. ಹೊಲಿಯುವುದು ಕೈ, ನಡೆಯುವುದು ಬಾಯಿ. ಯಾರ ಮನೆಯ ಹಿಟ್ಟು ಜಿಗಿ ಇಲ್ಲ, ಯಾರ ಸೊಸೆ ತವರಿಗೆ ಓಡಿದಳು, ಎಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಹಿರಿಯ ಗೆಳತಿಯ ಹೊಲಿಗೆ ಅಂದರೆ ಇರುವೆ ಸಾಲು. ನನ್ನದು ಕುಡಿದವನ ನಡಿಗೆ. ಒಂದು ಕೌದಿ ತೋರಿಸಿದರೆ ಸಾಕು, ಇಲ್ಲಿಂದ ಇಲ್ಲಿತನಕ ಯಾರ ಕೈ ಎಂದು ಮೂವರೂ ಹೇಳುತ್ತಿದ್ದೆವು. ಅಕ್ಷರ ನೋಡಿ ಬರೆದವರನ್ನು ಗುರುತು ಹಿಡಿದ ಹಾಗೆ.

ನಮ್ಮಲ್ಲಿ ಒಂದು ರೂಢಿಯಿತ್ತು. ಕೌದಿಯ ನಾಲ್ಕು ಮೂಲೆಗಳಲ್ಲಿ ಮೂರನ್ನು ಮುಚ್ಚಿ, ನಾಲ್ಕನೆಯದನ್ನು ಕೊನೆಗೆ ಬಿಡಬೇಕು. ಅದು ಕೌದಿಯ ಬಾಯಿ. ಆ ಬಾಯಿಗೆ ಒಂದು ಚೂರು ರೊಟ್ಟಿ ಇಟ್ಟು, ಅಂಚು ಮಡಚಿ, ಸುತ್ತಿ ಹೊಲಿದು ಮುಚ್ಚಬೇಕು. ಹಸಿದ ಕೌದಿಯನ್ನು ಮೈಮೇಲೆ ಎಳೆದುಕೊಳ್ಳಬಾರದು. ಮತ್ತೆ, ಮೊದಲ ಹೊಲಿಗೆ ಹಾಕಿದ ಕೈಯೇ ಆ ಬಾಯಿ ಮುಚ್ಚಬೇಕು. ನಡುವೆ ಹತ್ತು ಮಂದಿ ಹೊಲಿಯಲಿ, ಅಡ್ಡಿಯಿಲ್ಲ. ಉಣಿಸುವುದು ಮಾತ್ರ ಶುರು ಮಾಡಿದವಳ ಹಕ್ಕು.

ಹಿರಿಯ ಗೆಳತಿ ಆ ವರ್ಷ ತನ್ನ ತೀರಿಹೋದ ತಾಯಿಯ ಇಳಕಲ್ಲ ಸೀರೆಗಳನ್ನು ಹಾಸಿ ಒಂದು ಸಣ್ಣ ಕೌದಿ ಹಿಡಿದಿದ್ದಳು. ಸಿಂದಗಿಗೆ ಕೊಟ್ಟ ಮಗಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವವಳಿದ್ದಳು. ಹುಟ್ಟುವ ಕೂಸು ಮುತ್ತಜ್ಜಿಯ ಸೀರೆಯ ಮೇಲೆ ಮಲಗಬೇಕು ಅನ್ನುವುದು ಅವಳ ಆಸೆ. ಮೂರು ಮೂಲೆ ಮುಗಿದಿದ್ದವು. ಅಷ್ಟರಲ್ಲಿ ಮಳೆಗಾಲದ ಜ್ವರ ಅವಳನ್ನು ಕೆಡವಿತು. ಜ್ವರ ಇಳಿಯಿತು, ಆದರೆ ಬಲಗೈಯ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡವು, ಬಿಚ್ಚಲೇ ಇಲ್ಲ. ವಿಜಾಪುರದ ಡಾಕ್ಟರಿಗೆ ತೋರಿಸಿದರು, ಎಣ್ಣೆ ತಿಕ್ಕಿದರು, ಬಿಸಿ ಉಪ್ಪು ಕಟ್ಟಿದರು. ಕೈ ಮುಷ್ಟಿಯಾಗಿಯೇ ಉಳಿಯಿತು. ಸೂಜಿ ಚುಚ್ಚಿದ ಜಾಗದಲ್ಲೇ ಕೌದಿಯಲ್ಲಿ ಉಳಿದು ತುಕ್ಕು ಹಿಡಿಯಿತು.

"ನಾ ಮುಚ್ಚತೇನಿ ಕೊಡಬೇ, ಯಾರ ನೋಡ್ತಾರ?" ಎಂದು ನಾನು ಒಮ್ಮೆ ಅಂದಿದ್ದೆ.

"ನನ್ನ ಕೌದಿ ಮುಟ್ಟಿದ್ರ ನಿನ್ನ ಕೈ ಮುರೀತೇನಿ. ನಂದಂತೂ ಹೋಗೇತಿ, ನಿಂದೂ ಹೋಗ್ಲಿ," ಅಂದಳು. ನಗುತ್ತಲೇ ಅಂದಳು, ಆದರೆ ಕೌದಿಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಚಹಾದ ಗೆಳತಿ ಇದನ್ನು ನೋಡಲಾರದೆ ದರ್ಗಾಕ್ಕೆ ಹೋಗಿ ಹರಕೆ ಹೊತ್ತು ಬಂದಳು. ಹಿರಿಯ ಗೆಳತಿಯ ಬಲಗೈ ಮತ್ತೆ ಸೂಜಿ ಹಿಡಿಯುವ ತನಕ ತಾನು ಚಹಾ ಮುಟ್ಟುವುದಿಲ್ಲ. ಬೇರೆ ಯಾರಾದರೂ ಬಿಟ್ಟಿದ್ದರೆ ದೊಡ್ಡ ಮಾತಲ್ಲ. ಇವಳು ಎದ್ದ ಕೂಡಲೇ ಚಹಾ, ಕಸ ಹೊಡೆದು ಚಹಾ, ರೊಟ್ಟಿ ಬಡಿಯುವ ಮೊದಲು ಒಂದು, ಬಡಿದ ಮೇಲೆ ಒಂದು ಕುಡಿಯುವವಳು. ಚಹಾ ಬಿಟ್ಟ ಮೇಲೆ ತಲೆಶೂಲೆ ಹತ್ತಿತು. ತಲೆಗೆ ಬಟ್ಟೆ ಬಿಗಿದುಕೊಂಡು ಕೂಡುತ್ತಿದ್ದಳು, ಎದುರು ಸಿಕ್ಕವರನ್ನೆಲ್ಲ ಬೈಯುತ್ತಿದ್ದಳು. ಗಂಡ ಪಾಪ, ಮನೆಯಲ್ಲಿ ಚಹಾ ಕುಡಿಯಲು ಅಂಜಿ ಬಸ್ ನಿಲ್ದಾಣದ ಹೋಟೆಲ್ಲಿಗೆ ಹೋಗಿ ಬರುತ್ತಿದ್ದ. ಕಾದ ಹೊಂಡದ ಮಾತು ತೆಗೆದವಳೂ ಇವಳೇ. ಅವಳ ಸೋದರತ್ತೆಯ ಮೊಣಕಾಲು ಅಲ್ಲಿ ಒಂದೇ ದಿನ ಕೂತದ್ದಕ್ಕೆ ಸಡಿಲಾಗಿತ್ತಂತೆ. ಸುಗ್ಗಿಯ ಮುಂದೆ ಎತ್ತು ಕೊಡುವುದಿಲ್ಲ ಎಂದ ಗಂಡನ ಜೊತೆ ಜಗಳ ಆಡಿ, ಮಾವನನ್ನು ಒಲಿಸಿ, ಅವಳು ಈ ಬಂಡಿ ಹೂಡಿಸಿದ್ದಳು.

ನನಗೆ ಆ ನೀರಿನ ಮೇಲೆ ನಂಬಿಕೆ ಇರಲಿಲ್ಲ. ಒಂದು ದಿನ ಅತ್ತೆಯ ಮನೆಯಿಂದ ಹೊರಗೆ ಬೀಳಲು ಸಿಕ್ಕಿತಲ್ಲ, ಅಷ್ಟೇ ನನ್ನ ಸಂಭ್ರಮ.

ಬೆಳಕು ಹರಿಯುವ ಹೊತ್ತಿಗೆ ಕಣ್ಣು ಬಿಟ್ಟರೆ ಎರಡೂ ಬದಿಗೆ ಬಿಳಿಜೋಳ, ಆಳೆತ್ತರ. ತೆನೆಗಳ ಮೇಲೆ ಮಂಜು. ಅಲ್ಲಲ್ಲಿ ಕುಸುಬಿಯ ಹಳದಿ ಹೂ. ಎರೆಹೊಲದ ದಾರಿಯಲ್ಲಿ ಬಂಡಿ ಸದ್ದಿಲ್ಲದೆ ಮೆತ್ತಗೆ ಸಾಗುತ್ತಿತ್ತು. ಮಾವ ಎತ್ತುಗಳಿಗೆ ಏನೋ ಹೇಳುತ್ತಿದ್ದರು. ಅದು ಬೈಗುಳವೋ ಹಾಡೋ ತಿಳಿಯಲಿಲ್ಲ. ನಾನು ನಿದ್ದೆ ಮಾಡುತ್ತಿದ್ದೆನೋ ಎಚ್ಚರವಿದ್ದೆನೋ ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಹಿರಿಯ ಗೆಳತಿ ಕೌದಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಅದನ್ಯಾಕ ತಂದಿ?" ಎಂದು ಕೇಳಿದೆ.

"ಕೈ ಬಿಗಿ ಬಿಟ್ರ ಅಲ್ಲೇ ಮುಚ್ಚಿ ಬರತೇನಿ. ಮನೀತನಕ ಯಾರ ಕಾಯಬೇಕು?" ಅಂದಳು.

ಅವಳು ಅದನ್ನು ಎಷ್ಟು ಸಾದಾ ದನಿಯಲ್ಲಿ ಅಂದಳೆಂದರೆ ನನಗೆ ಹೆದರಿಕೆಯಾಯಿತು. ನೀರು ಕೈಕೊಟ್ಟರೆ ಇವಳ ಗತಿ ಏನು ಎಂದು ಮೊದಲ ಸಲ ಅನ್ನಿಸಿತು.

ಡೋಣಿಯಲ್ಲಿ ನೀರು ಮೊಣಕಾಲುದ್ದವೂ ಇರಲಿಲ್ಲ. ಬಂಡಿ ದಾಟಿ, ದಂಡೆ ಹತ್ತಿ, ಜಾಲಿಗಿಡಗಳ ನಡುವೆ ಹೊಕ್ಕಿತು. ಬಿಸಿಲು ಏರುವ ಹೊತ್ತಿಗೆ ಕಲ್ಲುದಿಬ್ಬದ ಸಂದಿಯಿಂದ ಬಿಳಿಯ ಹಬೆ ಏಳುವುದು ಕಾಣಿಸಿತು. ಯಾರದೋ ಮನೆಯ ಬಚ್ಚಲ ಒಲೆ ಹೊತ್ತಿದ ಹಾಗೆ. ಮಾವ ಎತ್ತು ಬಿಚ್ಚಿ, ಹೆಂಗಸರ ಜಳಕದ ಜಾಗವೆಂದು ದೂರದ ಬೇವಿನ ಗಿಡದ ಕಡೆಗೆ ಹೊಡೆದುಕೊಂಡು ಹೋದರು.

ಎಂಥ ಜಾಗ ಅದು! ಈಗಲೂ ಚಳಿಗಾಲದ ಬೆಳಿಗ್ಗೆ ಮೈಮೇಲೆ ಮೊದಲ ಚೊಂಬು ಬಿಸಿನೀರು ಬಿದ್ದಾಗ ನಾನು ಅಲ್ಲಿಗೇ ಹೋಗುತ್ತೇನೆ. ಬಂಡೆಯ ಬುಡದಲ್ಲಿ ಒಂದು ಸಣ್ಣ ಕುಳಿ. ತಳದಿಂದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಕೈ ಇಟ್ಟರೆ ತಡೆಯಲು ಬರುವಷ್ಟೇ ಬಿಸಿ. ಅಲ್ಲಿಂದ ನೀರು ಹರಿದು ಒಂದು ದೊಡ್ಡ ಬಂಡೆಯನ್ನು ಸುತ್ತಿ, ಕೆಳಗೆ ಎದೆಮಟ್ಟದ ಹೊಂಡವಾಗಿ ನಿಲ್ಲುತ್ತಿತ್ತು. ಅಷ್ಟರಲ್ಲಿ ಅದು ಬೆಚ್ಚಗಾಗಿ, ಬಾಣಂತಿಗೆ ಹದ ಮಾಡಿದ ಹಾಗೆ ಆಗಿರುತ್ತಿತ್ತು. ಸುತ್ತಲೂ ಕಡ್ಡಿ ಗೀರಿದಾಗಿನ ವಾಸನೆ. ಕಲ್ಲುಗಳ ಮೇಲೆ ಹಸಿರು ಪಾಚಿ, ಅದರ ಮೇಲೆ ಒಂದು ಕೆಂಪು ದುಂಬಿ ಅಲುಗಾಡದೆ ಕೂತಿತ್ತು.

ಹಿರಿಯ ಗೆಳತಿ ಮೇಲಿನ ಕುಳಿಯ ಪಕ್ಕ ಕೂತು ಬಲಗೈಯನ್ನು ಮೊಣಕೈತನಕ ಇಳಿಬಿಟ್ಟಳು. ಕಣ್ಣು ಮುಚ್ಚಿದಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಾ ನಿಂತೆವು.

"ಏನಾರ ಅನಸಾಕತ್ತೈತೇನು?" ಚಹಾದ ಗೆಳತಿ ಕೇಳಿದಳು.

"ಅನಸ್ತೈತಿ. ನೀವಿಬ್ರೂ ಬಾಯಿ ಮುಚ್ಚಿದ್ರ ಇನ್ನಷ್ಟ ಅನಸ್ತೈತಿ. ಹೋಗ್ರಿ, ಕೆಳಗ ಜಳಕಾ ಮಾಡ್ರಿ. ನೀವು ಹಿಂಗ ಕಣ್ಣ ಬಿಟ್ಟ ನಿಂತ್ರ ಕೈ ನಾಚಕೋತೈತಿ."

ನಾವು ನಗುತ್ತಾ ಬಂಡೆಯ ಆಚೆ ಇಳಿದೆವು. ಅಲ್ಲಿಂದ ಅವಳು ಕಾಣುತ್ತಿರಲಿಲ್ಲ.

ಸೀರೆಯುಟ್ಟೇ ನೀರಿಗೆ ಇಳಿದೆ. ಸೆರಗು ನೀರ ಮೇಲೆ ಹರವಿಕೊಂಡು ತೇಲಿತು. ಕುತ್ತಿಗೆತನಕ ಮುಳುಗಿ ಒಂದು ಕಲ್ಲಿಗೆ ತಲೆ ಆನಿಸಿದ್ದೇ ತಡ, ಮೈ ಎಲ್ಲಿ ಮುಗಿಯುತ್ತದೆ ನೀರು ಎಲ್ಲಿ ಶುರುವಾಗುತ್ತದೆ ಎನ್ನುವುದೇ ಮರೆತುಹೋಯಿತು. ಹಬೆಯ ಆಚೆ ಚಹಾದ ಗೆಳತಿಯ ಮುಖ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಅವಳ ತುಟಿ ಅಲುಗುತ್ತಿದ್ದವು, ದುವಾ ಕೇಳುತ್ತಿದ್ದಳೋ ಏನೋ. ಆಕಾಶದಲ್ಲಿ ಒಂದು ಹದ್ದು ಸುತ್ತು ಹಾಕುತ್ತಿತ್ತು. ಅದರ ನೆರಳು ನೀರ ಮೇಲೆ ಬಂದು, ನನ್ನ ಕತ್ತಿನ ಮೇಲೆ ಹಾದು ಹೋಯಿತು. ನೆರಳಿಗೂ ತೂಕವಿದ್ದ ಹಾಗೆ ಅನ್ನಿಸಿತು. ನನ್ನ ತವರಿನ ಅಗರಖೇಡದ ಹೊಳೆದಂಡೆ ಕಂಡಿತು. ಅಲ್ಲಿ ಅವ್ವ ಬಟ್ಟೆ ಸೆಳೆಯುತ್ತಿದ್ದಳು, ನಾನು ಕರೆದರೆ ತಿರುಗಿ ನೋಡದೆ "ಬಂದೆ ತಡಿ" ಅನ್ನುತ್ತಿದ್ದಳು. ಅವ್ವನ ಎರಡೂ ಕೈ ನೀರಿನೊಳಗೆ ಬೆಳ್ಳಗೆ, ಬಿಚ್ಚಿಕೊಂಡು, ಮೀನಿನ ಹಾಗೆ ಓಡಾಡುತ್ತಿದ್ದವು. ಎಲ್ಲರ ಕೈಗಳೂ ನೀರಿನಲ್ಲಿ ಬಿಚ್ಚಿಕೊಳ್ಳುತ್ತವೆ ಎಂದು ಯಾರೋ ಹೇಳಿದರು. ನಾನು ನಂಬಿಬಿಟ್ಟೆ. ಅರ್ಧ ನಿದ್ದೆಯಲ್ಲಿ ಏನನ್ನಾದರೂ ನಂಬಬಹುದು.

ಮೇಲಿನಿಂದ ಅವಳು ಕೂಗಿದಾಗ ಎಷ್ಟು ಹೊತ್ತಾಗಿತ್ತೋ. ನನ್ನ ಬೆರಳ ತುದಿಗಳು ಮುದುಡಿದ್ದವು.

"ಏ, ಒಂದ್ ಚೂರು ರೊಟ್ಟಿ ಕೊಡ್ರೇ!"

ಚಹಾದ ಗೆಳತಿ ನೀರಿನಿಂದ ಎದ್ದ ರಭಸಕ್ಕೆ ನನ್ನ ಮೂಗಿಗೆ ನೀರು ಹೊಕ್ಕಿತು. ರೊಟ್ಟಿ ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಒದ್ದೆ ಸೀರೆಯಲ್ಲೇ ಬುತ್ತಿಯ ಗಂಟು ಬಿಚ್ಚಿ, ಸಜ್ಜೆ ರೊಟ್ಟಿಯ ಚೂರು ಮುರಿದು, ಬಂಡೆಯ ಮೇಲೆ ಕೈ ಚಾಚಿ ಕೊಟ್ಟಳು.

"ಅಲ್ಲೇ ಇರ್ರಿ. ಕರದಾಗ ಬರ್ರಿ. ಈಗ ಬಂದ್ರ ಹೊಲಿಗಿ ತಪ್ಪತೈತಿ," ಎಂದಳು ಹಿರಿಯ ಗೆಳತಿ.

ನಾವಿಬ್ಬರೂ ಬಂಡೆಗೆ ಬೆನ್ನು ಕೊಟ್ಟು, ಒಬ್ಬರ ಕೈ ಒಬ್ಬರು ಹಿಡಿದು, ನಡುಗುತ್ತಾ ಕೂತೆವು. ಚಳಿಗೋ ಸಂತೋಷಕ್ಕೋ. ಬಹಳ ಹೊತ್ತು ಕರೆ ಬರಲಿಲ್ಲ. ಕೊನೆಗೆ ಬಂತು.

ಹೋಗಿ ನೋಡಿದರೆ ನಾಲ್ಕನೆಯ ಮೂಲೆ ಮುಚ್ಚಿತ್ತು. ಕೌದಿ ಅವಳ ತೊಡೆಯ ಮೇಲೆ ಹರವಿಕೊಂಡಿತ್ತು, ಬಲಗೈ ಮತ್ತೆ ಕುಳಿಯ ನೀರಿನಲ್ಲಿತ್ತು. ಹಣೆಯ ಮೇಲೆ ಬೆವರು.

"ಬಿಡ್ತೇನೇ? ಖರೇನ ಬಿಡ್ತಾ?" ಚಹಾದ ಗೆಳತಿ ಬಾಗಿ ಕೇಳಿದಳು.

"ಬಿಡದಿದ್ರ ಇದನ್ನ ಯಾರ ಹೊಲದ್ರು, ನಿಮ್ಮ ಮಾವ? ನೀರಾಗ ಇಟ್ರ ಬಿಡತೈತಿ, ಹೊರಗ ತಗದ್ರ ಹೊಳ್ಳಿ ಬಿಗೀತೈತಿ. ಹಿಂಗ ದಿನಾ ಬಿಸಿನೀರಾಗ ಇಟ್ರ ಪೂರಾ ಬಿಡತೈತಿ ಬಿಡು."

ಚಹಾದ ಗೆಳತಿ ಮೂಲೆಯನ್ನು ಕೈಗೆತ್ತಿಕೊಂಡಳು. ಮುಖದ ಹತ್ತಿರ ತಂದು ನೋಡಿದಳು. ತಿರುವಿ ನೋಡಿದಳು. ಆಮೇಲೆ ಕೌದಿಯನ್ನು ಕಣ್ಣಿಗೊತ್ತಿಕೊಂಡು, "ಕೆಟಲಿ ಎಲ್ಲೈತಿ?" ಎಂದು ದೊಡ್ಡ ದನಿ ತೆಗೆದಳು.

ನಾನು ಬಿದ್ದು ಬಿದ್ದು ನಕ್ಕೆ. ಕೈ ಬಿಡುವುದೋ ಇಲ್ಲವೋ ಗೊತ್ತಿಲ್ಲದೆ ಇವಳು ಕೆಟಲಿ, ಚಹಾಪುಡಿ, ಸಕ್ಕರೆ, ತಂಬಿಗೆಯಲ್ಲಿ ಆಡಿನ ಹಾಲು ಎಲ್ಲ ಕಟ್ಟಿಕೊಂಡೇ ಬಂದಿದ್ದಳು! ಮೂರು ಕಲ್ಲು ಹೂಡಿ, ಜಾಲಿಯ ಪುಳ್ಳೆ ಉರಿಸಿದೆವು. ನೀರು ಹೊಂಡದ್ದೇ. "ಅರ್ಧ ಕಾದದ್ದ ಐತಿ, ಕಟಗಿ ಉಳೀತು," ಅಂದಳು. ಆ ಚಹಾದ ರುಚಿಯನ್ನು ಏನು ಹೇಳಲಿ! ತುಕ್ಕು ಹಿಡಿದ ಮೊಳೆಯನ್ನು ಬೆಲ್ಲದಲ್ಲಿ ಕುದಿಸಿದಂತಿತ್ತು. ನಾನು ಎರಡು ಗುಟುಕಿಗೆ ಸೋತೆ. ಅವಳು ಮಾತ್ರ ಬಸಿಯಲ್ಲಿ ಸುರಿದುಕೊಂಡು ಸೊರಸೊರ ಕುಡಿದಳು, ಮತ್ತೊಂದು ಬಸಿ ಸುರಿದುಕೊಂಡಳು, "ಅಮೃತ ಐತಿ, ಅಮೃತ" ಅಂದಳು. ಹಿರಿಯ ಗೆಳತಿ ಅವಳು ಕುಡಿಯುವುದನ್ನೇ ನೋಡುತ್ತಾ ಕೂತಿದ್ದಳು. ಅಷ್ಟು ಪ್ರೀತಿಯಿಂದ ಒಬ್ಬರು ಇನ್ನೊಬ್ಬರನ್ನು ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹಚ್ಚಿ ರೊಟ್ಟಿ ತಿಂದೆವು. ಮುದುಕರಿಗೂ ಕೊಟ್ಟು ಬಂದೆವು. ಸೊಸೆ ಕಿವಿಯಲ್ಲಿ ಕೂಗಿ ಸುದ್ದಿ ಹೇಳಿದಳು. ಅವರು ಎರಡೂ ಕೈ ಮೇಲೆತ್ತಿದರು.

ಹೊತ್ತು ವಾಲಿದ ಮೇಲೆ ಬಂಡಿ ಹೊರಟಿತು. ಬಿಸಿನೀರಿನ ಮಂಪರು ಮೂವರಿಗೂ ಬಡಿದಿತ್ತು. ಚಹಾದ ಗೆಳತಿ ಶಾಲು ಹೊದ್ದು ನಮ್ಮಿಬ್ಬರ ನಡುವೆ ಮುದುಡಿ ಮಲಗಿದಳು, ಕೂಡಲೇ ನಿದ್ದೆಯ ಉಸಿರು ಎಳೆಯತೊಡಗಿದಳು. ಜೋಳದ ಮೇಲಿನ ಬಿಸಿಲು ಕೆಂಪಾಗಿ, ಆಮೇಲೆ ಬೂದಿಯಾಯಿತು. ಗಿಳಿಗಳ ಹಿಂಡು ಬಂದು ತೆನೆಗಳಿಗೆ ಎರಗಿ, ಯಾರೋ ಕವಣೆ ಬೀಸಿದ್ದಕ್ಕೆ ಎದ್ದು ಹೋಯಿತು. ನಾನು ಕೌದಿಯನ್ನು ತಲೆದಿಂಬು ಮಾಡಿಕೊಂಡಿದ್ದೆ. ಕೆನ್ನೆಯ ಕೆಳಗೆ ಒಂದು ಮೂಲೆ. ಸುಮ್ಮನೆ, ಆಟಕ್ಕೆಂಬಂತೆ, ಅದರ ಹೊಲಿಗೆಯ ಮೇಲೆ ಬೆರಳು ಆಡಿಸಿದೆ. ಆಮೇಲೆ ಇನ್ನೊಂದು ಮೂಲೆಯ ಮೇಲೆ ಆಡಿಸಿದೆ.

ಎದ್ದು ಕೂತು ಉಳಿದ ಬೆಳಕಿಗೆ ಹಿಡಿದು ನೋಡಿದೆ. ಸುತ್ತು ಹೊಲಿಗೆ ಹಾಕಿದ ಕೈ ಯಾವುದೋ ಅದರ ಕಡೆಗೆ ದಾರ ವಾಲುತ್ತದೆ. ಮೂರು ಮೂಲೆಗಳಲ್ಲಿ ಅದು ಬಲಕ್ಕೆ ವಾಲಿತ್ತು. ಹೊಸದಾಗಿ ಮುಚ್ಚಿದ ಮೂಲೆಯಲ್ಲಿ ಎಡಕ್ಕೆ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಎಲ್ಲವೂ ಎಡಕ್ಕೆ.

ತಲೆಯೆತ್ತಿದರೆ ಹಿರಿಯ ಗೆಳತಿ ನನ್ನನ್ನೇ ನೋಡುತ್ತಿದ್ದಳು. ಅವಳ ಎಡಗೈಯ ಹೆಬ್ಬೆರಳಿನ ತುಂಬ ಸೂಜಿ ಚುಚ್ಚಿದ ಕೆಂಪು ಚುಕ್ಕಿಗಳು.

"ಎಡಗೈಲೆ ಹಾಕೀದಿ," ಅಂದೆ.

"ಮೆಲ್ಲಗ," ಎಂದು ಮಲಗಿದವಳ ಕಡೆಗೆ ಕಣ್ಣು ಮಾಡಿದಳು.

"ಬಲಗೈ ಬಿಡ್ಲಿಲ್ಲೇನ ಹಂಗಾರ?"

"ಒಂದ್ ಬೆರಳ ಸುದ್ದಾ ಬಿಡ್ಲಿಲ್ಲ."

"ಮತ್ಯಾಕ ಹಂಗ ಹೇಳ್ದಿ?"

"ಆಕಿ ಮಾರಿ ನೋಡೀಯೇನು? ತಲಿ ಬ್ಯಾನಿಲೆ ಅರ್ಧ ಆಗ್ಯಾಳ. ಗಂಡನ ಕೂಡ ಜಗಳಾಡಿ ಬಂಡಿ ತಂದಾಳ. ಆಕಿಗೆ ನಿನ್ನ ನೀರು ಸುಳ್ಳಾತು ಅಂತ ನಾ ಯಾವ ಬಾಯಿಲೆ ಹೇಳ್ಲಿ?" ಸ್ವಲ್ಪ ಹೊತ್ತು ಹೊರಗೆ ನೋಡಿದಳು. "ನೀವು ಕೆಳಗ ಹೋದ ಮ್ಯಾಲ ನಾ ಭಾಳ ಹೊತ್ತ ಕುಂತಿದ್ದೆ. ಬಿಡತೈತಿ ಅಂತ ಖರೇನ ನಂಬಿದ್ದೆ ನಾನು. ಕೈಗೆ ಹೇಳ್ದೆ, ಬೇಡಕೊಂಡೆ. ಇನ್ನ ಇದು ಇಷ್ಟ."

ಅಷ್ಟು ಹೇಳಿ ಅವಳು ಅತ್ತಳು. ಜ್ವರದ ದಿನದಿಂದ ಒಂದು ಸಲವೂ ಅತ್ತಿರಲಿಲ್ಲ. ಸದ್ದು ಬರದ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಅವಳ ಮೊಣಕಾಲು ಹಿಡಿದು ಕೂತೆ.

ಆಗ ನಮ್ಮ ನಡುವಿನ ಶಾಲು ಅಲುಗಿತು. ಅದರ ಅಡಿಯಿಂದ ಒಂದು ಕೈ ಹೊರಬಂದು ತಡಕಾಡಿತು. ಹಿರಿಯ ಗೆಳತಿಯ ಮಡಚಿದ ಬಲಗೈಯನ್ನು ಹುಡುಕಿ, ಮೆತ್ತಗೆ ಎಳೆದುಕೊಂಡು, ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡಿತು. ಚಹಾದ ಗೆಳತಿಯ ಕಣ್ಣು ಮುಚ್ಚಿಯೇ ಇದ್ದವು, ರೆಪ್ಪೆಗಳು ಒದ್ದೆಯಾಗಿದ್ದವು. ನನಗೆ ಒಮ್ಮೆಲೇ ಹೊಳೆಯಿತು: ಹೊಂಡದ ಬಳಿ ಆ ಮೂಲೆಯನ್ನು ತಿರುವಿ ತಿರುವಿ ನೋಡಿದವಳು ಅವಳು. ನನಗಿಂತ ಮೊದಲಿನಿಂದಲೂ ಹಿರಿಯ ಗೆಳತಿಯ ಪಕ್ಕದಲ್ಲೇ ಕೂತು ಹೊಲಿದವಳು. ನನಗೆ ಸಂಜೆ ತಿಳಿದದ್ದು ಅವಳಿಗೆ ಮಧ್ಯಾಹ್ನವೇ ತಿಳಿದಿತ್ತು. ತಿಳಿದೇ ಅವಳು ಕೆಟಲಿ ಕೇಳಿದ್ದಳು.

ಹಿರಿಯ ಗೆಳತಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮನಗೂಳಿಯ ಅಗಸೆ ಬಾಗಿಲು ದಾಟುವ ತನಕ ಚಹಾದ ಗೆಳತಿ ಆ ಕೈಯನ್ನು ಬಿಡಲೂ ಇಲ್ಲ, ಕಣ್ಣು ತೆರೆಯಲೂ ಇಲ್ಲ.